ಗೋಡೆಯಾಚೆಯ ಅಜ್ಜ

ಇವತ್ತು ಸಂಜೆ ದೊಡ್ಡ ಕ್ಯಾನಿನಿಂದ ಬಾಟಲಿಗೆ ಎಣ್ಣೆ ಬಗ್ಗಿಸಲು ಆಲಿಕೆ ಕೈಗೆತ್ತಿಕೊಂಡೆ. ಎಣ್ಣೆ ಬಗ್ಗಿಸಲಾಗಲಿಲ್ಲ. ಅದನ್ನು ಹಿಡಿದುಕೊಂಡೇ ಅಡುಗೆಮನೆಯಲ್ಲಿ ಕೂತುಬಿಟ್ಟೆ... ಪಕ್ಕದ ಮನೆಯ ಅಜ್ಜ ಕಣ್ಣೆದುರು ಬಂದು ನಿಂತಿದ್ದರು.

ಫ್ರೀಮಾಂಟಿನ ಈ ಅಪಾರ್ಟ್‌ಮೆಂಟಿಗೆ ನಾವು ಬಂದಾಗ ಮಗಳಿಗೆ ನಾಲ್ಕು ತಿಂಗಳು. ಪಕ್ಕದಲ್ಲಿ ಅಜ್ಜ ಒಬ್ಬರೇ. ಸ್ವಿಟ್ಜರ್ಲೆಂಡಿನ ಬೆಟ್ಟದೂರಲ್ಲಿ ದನ ಕಾಯುತ್ತಿದ್ದವರು, ಇಲ್ಲಿನ ಡೈರಿಗಳಲ್ಲಿ ದುಡಿಯಲು ಬಂದು ಇಲ್ಲೇ ಮುದುಕರಾಗಿದ್ದರು. ದಿನಾ ಸಂಜೆ ಬಾಲ್ಕನಿಗೆ ಬಂದು, ಮರದ ದೊಡ್ಡ ಆಲಿಕೆಯೊಂದನ್ನು ಬಾಯಿಗಿಟ್ಟು, ಪಾರ್ಕಿಂಗ್ ಲಾಟಿನ ಕಡೆ ರಾಗವಾಗಿ ಏನೋ ಕೂಗುತ್ತಿದ್ದರು. ಎರಡು ಮೂರು ನಿಮಿಷ, ಅಷ್ಟೆ. ಆದರೆ ಸರಿಯಾಗಿ ಆ ಹೊತ್ತಿಗೇ ನಾನು ಹರಸಾಹಸ ಮಾಡಿ ಮಗುವನ್ನು ಮಲಗಿಸಿರುತ್ತಿದ್ದೆ. ಅದು ಬೆಚ್ಚಿಬಿದ್ದು ಕಿರುಚುತ್ತಿತ್ತು.

"ಒಂದ್ಸಲ ಹೋಗಿ ಮಾತಾಡು," ಎಂದರು ನನ್ನ ಗಂಡ. ನಾನು ಬಾಗಿಲು ತಟ್ಟುವ ಗೋಜಿಗೇ ಹೋಗಲಿಲ್ಲ. ಸೀದಾ ಮ್ಯಾನೇಜರಿಗೆ ಇಮೇಲು ಕಳಿಸಿದೆ.

ಬಾಲ್ಕನಿ ಸುಮ್ಮನಾಯಿತು. ವಾರದ ಮೇಲೆ ಅಜ್ಜ ಲಿಫ್ಟಿನಲ್ಲಿ ಸಿಕ್ಕರು. ನಾನು ಮುಖ ತಪ್ಪಿಸಿ ಫೋನು ನೋಡುತ್ತ ನಿಂತೆ. "ಮಗು ಈಗ ಚೆನ್ನಾಗಿ ಮಲಗುತ್ತಾಳಾ?" ಎಂದು ತಮ್ಮ ಒರಟು ಇಂಗ್ಲಿಷಿನಲ್ಲಿ ಕೇಳಿದರು. ಹೂಂ ಅಂದೆ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಮಗಳಿಗೆ ನಾಲ್ಕು ವರ್ಷ ತುಂಬುವ ಹೊತ್ತಿಗೆ ಅವರು ತೀರಿಕೊಂಡರು...

ಈ ಬೇಸಿಗೆಯಲ್ಲಿ ಹೈಕಿಂಗಿಗೆಂದು ಸ್ವಿಟ್ಜರ್ಲೆಂಡಿಗೆ ಹೋಗಿದ್ದೆವು. ಮಗಳಿಗೀಗ ಎಂಟು. ದಿನವಿಡೀ ಹತ್ತಿ ಸುಸ್ತಾಗಿ ಬೆಟ್ಟದ ಮೇಲಿನ ಒಂದು ಮನೆಯಲ್ಲಿ ತಂಗಿದೆವು. ಹೊತ್ತು ಇಳಿಯುವಾಗ ದನಗಾಹಿಯೊಬ್ಬ ದಿನ್ನೆಯ ಮೇಲೆ ನಿಂತು, ಮರದ ಆಲಿಕೆ ಬಾಯಿಗಿಟ್ಟು ಕೂಗತೊಡಗಿದ. ಅದೇ ರಾಗ. ಇದು ತಮ್ಮವರ ಸಂಜೆಯ ಪ್ರಾರ್ಥನೆ, ಕೂಗು ಎಲ್ಲಿಯವರೆಗೆ ಕೇಳುತ್ತದೋ ಅಲ್ಲಿಯವರೆಗಿನ ದನಕರು, ಮನೆ, ಮಕ್ಕಳಿಗೆ ಬೆಳಗಾಗುವ ತನಕ ಯಾವ ಕೇಡೂ ತಟ್ಟುವುದಿಲ್ಲ ಎಂದಳು ಮನೆಯೊಡತಿ.

ಮಗಳು ನನ್ನ ತೋಳು ಜಗ್ಗಿದಳು. "ಅಮ್ಮಾ, ಐ ನೋ ದಿಸ್."

"ಎಲ್ಲಿ ಕೇಳಿದ್ದೆ ಪುಟ್ಟಾ?"

"ಅಟ್ ಹೋಮ್. ಇನ್ ದ ವಾಲ್."

ಬಾಲ್ಕನಿಯ ಕೂಗು ನಿಂತಾಗ ಅವಳಿನ್ನೂ ಮಗುಚಿಕೊಳ್ಳುತ್ತಿದ್ದ ಕೂಸು. ಅದು ನೆನಪಿರಲು ಸಾಧ್ಯವೇ ಇಲ್ಲ. ಆಮೇಲೆ ಹೊಳೆಯಿತು. ಅಜ್ಜ ಇದ್ದಷ್ಟು ದಿನವೂ ಸಂಜೆಯಾದರೆ ಅವಳ ಹಾಸಿಗೆಯ ಪಕ್ಕದ ಗೋಡೆಯಿಂದ ಏನೋ ಗುನುಗು ಕೇಳುತ್ತಿತ್ತು. ಮುದುಕನ ಟಿವಿ ಅಂದುಕೊಂಡಿದ್ದೆ. ಅದಕ್ಕೂ ಒಂದು ಇಮೇಲು ಬರೆಯಲು ಹೊರಟಿದ್ದೆ. ಅವರು ಕೂಗು ನಿಲ್ಲಿಸಿರಲೇ ಇಲ್ಲ. ಮಗು ಏಳದಷ್ಟು ಮೆಲ್ಲಗೆ, ಗೋಡೆಗೆ ಬಾಯಿಟ್ಟು ಹೇಳುತ್ತಿದ್ದರು. ಆ ದನಿ ಮುಟ್ಟುತ್ತಿದ್ದುದು ನನ್ನ ಮಗಳೊಬ್ಬಳನ್ನೇ.

ವಾಪಸು ಬಂದು ತಿಂಗಳಾಯಿತು. ಆ ಹೊತ್ತಾದರೆ ಸಾಕು, ಮಾಡುತ್ತಿದ್ದ ಕೆಲಸ ಬಿಟ್ಟು ಕಿವಿಗೊಡುತ್ತೇನೆ. ಇವತ್ತು ಮಗಳು ಈಜಿನ ಕ್ಲಾಸಿಗೆ ಹೋಗಿದ್ದಳು. ಆಲಿಕೆ ಕೆಳಗಿಟ್ಟು ಎದ್ದು ಹೋಗಿ, ಅವಳ ಕೋಣೆಯ ಗೋಡೆಗೆ ಹಣೆ ಹಚ್ಚಿ, "ತಪ್ಪಾಯ್ತು ಅಜ್ಜ," ಅಂದೆ.

ಆ ಕಡೆ ಹೊಸ ಬಾಡಿಗೆಯವರ ವ್ಯಾಕ್ಯೂಮು ಓಡುತ್ತಲೇ ಇತ್ತು.