ಡೈರಿಯ ಕಂಪ್ಯೂಟರ್ ಏಳದ ಸಂಜೆ

ಆಗ ನನಗೆ ಅರವತ್ತೆಂಟು. ಮೂರು ವರ್ಷದ ಹಿಂದಿನ ಮಾತು. ಮಳವಳ್ಳಿ ಕಡೆಯ ನಮ್ಮ ಹಳ್ಳಿಯಲ್ಲಿ ಹೆಂಗಸರದೇ ಒಂದು ಹಾಲಿನ ಡೈರಿ. ನನ್ನ ಸೊಸೆ ಅದಕ್ಕೆ ಸೆಕ್ರೆಟರಿಯಾಗಿ ವರ್ಷವೂ ತುಂಬಿರಲಿಲ್ಲ. ಅವಳಿಗಿಂತ ಮುಂಚೆ ಇದ್ದವಳನ್ನು ಹೆಂಗಸರೇ ಇಳಿಸಿದ್ದರು. ಬೇಕಾದವರ ಹಾಲಿಗೆ ಫ್ಯಾಟು ಜಾಸ್ತಿ ಬರೆದು ದುಡ್ಡು ಜಾಸ್ತಿ ಕೊಡಿಸುತ್ತಾಳೆ ಅಂತ ಜಗಳ. ಬರೆಯುವ ಕೈಯೇ ಬೇಡ ಅಂತ ಕಂಪ್ಯೂಟರ್ ತಂದು ಫ್ಯಾಟು ನೋಡುವ ಮೆಷಿನಿಗೆ ಜೋಡಿಸಿದರು. ಇಳಿದವಳು ಸುಮ್ಮನಾಗಲಿಲ್ಲ. ದಿನಾ ಹಾಲು ತಂದು ಸಾಲಿನಲ್ಲಿ ನಿಂತು, ನನ್ನ ಸೊಸೆ ಎಲ್ಲಿ ಎಡವುತ್ತಾಳೆ ಅಂತ ಕಾಯುತ್ತಿದ್ದಳು.

ಆ ಕಂಪ್ಯೂಟರ್ ಹೊಟ್ಟೆಯೊಳಗೆ ಟಕ್ ಟಕ್ ಅನ್ನಲು ಶುರುವಾಯಿತು. ಒಂದು ಶುಕ್ರವಾರ ಮದ್ದೂರಿನಿಂದ ರಿಪೇರಿಯವನು ಬಂದ. ಅರ್ಧ ತಲೆ ನರೆತವನು, ಮಾತು ಕಮ್ಮಿ. ಹಾರ್ಡ್ ಡಿಸ್ಕ್ ಸಾಯುವ ಹಾಗಿದೆ, ಅದರಲ್ಲಿರುವುದನ್ನೆಲ್ಲ ಇದ್ದ ಹಾಗೇ ಹೊಸದಕ್ಕೆ ಇಳಿಸಬೇಕು, ಅದಕ್ಕೆ ಕ್ಲೋನ್ ಅನ್ನುತ್ತಾರೆ ಅಂದ. ಹೊಸದು ಅಂಗೈಯಗಲ ಇತ್ತು, ತೆಳ್ಳಗೆ.

"ಇಷ್ಟ್ರಲ್ಲಿ ಊರ್ ಹಾಲೆಲ್ಲ ಇಡಿಸ್ತದಾ?" ಅಂದೆ.

"ಹಾಲಲ್ಲ ಕಣವ್ವ, ಹಾಲಿನ್ ವಿಷ್ಯ."

ಇಳಿಸುವ ಕೆಲಸ ಮುಗಿಯುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಎಲ್ಲ ಸರಿಯಾಗಿ ಬಂದಿದೆ ಅಂತ ಹೊಸದನ್ನು ಬಿಚ್ಚಿ ಮೇಜಿನ ಮೇಲಿಟ್ಟ. ನಾನು ತಂದಿದ್ದ ಮುದ್ದೆ, ಬಸ್ಸಾರು ಜಗಲಿಯಲ್ಲಿ ಕೂತು ಉಂಡ. ಅಷ್ಟರಲ್ಲಿ ಸೊಸೆ ಒಳಗೆ ಪೂಜೆ ಮುಗಿಸಿದ್ದಳು. ಶುಕ್ರವಾರ, ಹೊಸ ವಸ್ತು, ಬಿಡುವವಳಲ್ಲ. ಅವನು ಕೈ ತೊಳೆದು ಬಂದು ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿ ಸ್ವಿಚ್ ಹಾಕಿದ. ಪರದೆ ಕಪ್ಪಗೆ ನಿಂತಿತು. ಮೇಲೆ ಒಂದು ಸಾಲು ಬಿಳಿ ಅಕ್ಷರ, ಅಷ್ಟೇ. ಆರಿಸಿ ಮತ್ತೆ ಹಾಕಿದ. ಅದೇ.

ಸಂಜೆಯ ಹಾಲು ಬರತೊಡಗಿತು. ಹೆಂಗಸರು ಕ್ಯಾನು ಇಟ್ಟುಕೊಂಡು ಸಾಲು ನಿಂತರು. ಹಳೆ ಸೆಕ್ರೆಟರಿ ಕಿಟಕಿಗೆ ಮುಖ ಇಟ್ಟಳು.

"ಏನಮ್ಮಿ, ನಿನ್ ಮೆಷಿನ್‌ಗೆ ಇನ್ನೂ ನಿದ್ದೆ ಕಳೀನಿಲ್ವಾ? ಹಾಲು ಒಡ್ದೋದ್ಮೇಲೆ ಅಳೀತೀಯಾ?"

"ನಿನ್ ಉಸ್ರು ತಾಕ್ದಿದ್ರೆ ಒಡ್ಯಾಕಿಲ್ಲ ಕಣಮ್ಮಿ, ಅತ್ಲಾಗ್ ನಿಂತ್ಕೊ," ಅಂದೆ. ಸಾಲಿನಲ್ಲಿ ನಕ್ಕರು.

ಅವಳು ಬಿಡಲಿಲ್ಲ. "ನಾನಾಗಿದ್ರೆ ಪೆನ್ನಲ್ಲಿ ಬರ್ದು ಇಷ್ಟೊತ್ಗೆ ಮುಗಿಸ್ತಿದ್ದೆ."

"ಬರ್ಕೊಳ್ಳಿ ಬುಡಮ್ಮ, ಇವತ್ತೊಂದಿನ," ಅಂತ ಇನ್ಯಾರೋ ಅಂದರು.

ಸಿಕ್ಕಿಬೀಳುವ ಜಾಗ ಅದೇ. ಸೊಸೆ ಕೈಯಲ್ಲಿ ಬರೆದರೆ, ಬೆಳಗಾಗುವಷ್ಟರಲ್ಲಿ ಅತ್ತೆ ಹಾಲಿಗೆ ಜಾಸ್ತಿ ಬರೆದಳು ಅನ್ನುತ್ತಾರೆ. ಬರೆಯದೆ ಹಾಲಿನ ಲಾರಿ ಹೊರಟುಹೋದರೆ, ಊರ ಹಾಲೆಲ್ಲ ಮನೆಗೆ ವಾಪಸು. ಎರಡರಲ್ಲಿ ಯಾವುದಾದರೂ ಅವಳ ಕೆಲಸ ಹೋಗುತ್ತಿತ್ತು.

"ಕೈಯಲ್ಲಿ ನಾನ್ ಬರ್ಯಾಕಿಲ್ಲ," ಅಂದಳು ಸೊಸೆ. ದನಿ ಗಟ್ಟಿಯಾಗಿತ್ತು.

ರಿಪೇರಿಯವನು ಕಂಪ್ಯೂಟರಿಗೆ ಏನೇನು ಜೋಡಿಸಿದೆ ಅಂತ ತೋರಿಸುವ ಪಟ್ಟಿಯನ್ನು ಪರದೆ ಮೇಲೆ ತೆಗೆದು ನೋಡಿದ. ಅದರಲ್ಲಿ ಹೊಸ ಡಿಸ್ಕಿನ ಹೆಸರೇ ಇಲ್ಲ. ವೈರು ಕೆಟ್ಟಿರಬೇಕು ಅಂತ ಅದೇ ವೈರಿಗೆ ಹಳೆಯದನ್ನು ಸಿಕ್ಕಿಸಿದ. ಹಳೆಯದರ ಹೆಸರು ಬಂತು. ಜೊತೆಗೆ ಟಕ್ ಟಕ್ಕೂ ಬಂತು. ತಕ್ಷಣ ಆರಿಸಿದ.

"ಇದನ್ನ ಇನ್ನೊಂದ್ಸಲ ಓಡ್ಸಿದ್ರೆ ಇದೂ ಓಯ್ತದೆ. ವೈರು ಸರ್ಯಾಗೇ ಅದೆ, ಹೊಸದೇ ಸತ್ತಿರ್ಬೇಕು."

"ಉಣ್ಣಾಕ್ ಮುಂಚೆ ಬದುಕಿತ್ತಲ್ಲ," ಅಂದೆ.

"ಅದೇ ಅರ್ಥ ಆಯ್ತಿಲ್ಲ ಅವ್ವ."

ಹೊಸದನ್ನು ಬಿಚ್ಚಿ ಬಾಗಿಲ ಬೆಳಕಿಗೆ ಹಿಡಿದ. ವೈರು ಸಿಕ್ಕಿಸುವ ಬಾಯಿಯನ್ನು ಬೆರಳಲ್ಲಿ ಸವರಿ, ಬೆರಳು ನೋಡಿಕೊಂಡ. ಹಳದಿ. ಮೂಸಿ ನೋಡಿದ. ಅರಿಶಿನ. ಆ ಬಾಯೊಳಗೆ ಚಿನ್ನದ ಬಣ್ಣದ ಹಲ್ಲಿನ ಸಾಲು ಹೊಳೆಯುವುದು ಕಂಡು, ಸೊಸೆ ಅದೇ ಮುಖ ಅಂದುಕೊಂಡು ಅರಿಶಿನ ಕಲಸಿ ಅಲ್ಲಿಗೇ ಇಟ್ಟಿದ್ದಳು. ಮೇಲೆ ಕುಂಕುಮ ಬೇರೆ.

ಅವನು ಬಾಯಿ ತೆರೆದ. ನಾನು ಕಿಟಕಿ ಕಡೆ ಕಣ್ಣು ಮಾಡಿದೆ.

"ಸುಮ್ಕಿರು. ಒರ್ಸು."

ಅವನು ಕಿಟಕಿ ನೋಡಿದ, ಸೊಸೆಯನ್ನು ನೋಡಿದ. ಅವಳು ಗೋಡೆ ನೋಡುತ್ತಿದ್ದಳು. ಚೀಲದಿಂದ ಸ್ಪಿರಿಟ್ ಸೀಸೆ ತೆಗೆದ. ಒರೆಸಲು ಹತ್ತಿ ಸಿಗಲಿಲ್ಲ. ಪೂಜೆ ತಟ್ಟೆಯಲ್ಲಿ ಉಳಿದಿದ್ದ ಬತ್ತಿ ಬಿಡಿಸಿಕೊಟ್ಟೆ. ಹಲ್ಲು ತಿಕ್ಕುವ ಹಾಗೆ ನಿಧಾನವಾಗಿ ತಿಕ್ಕಿದ, ಆರಲು ಬಿಟ್ಟ. ಹೊರಗೆ ಗೊಣಗಾಟ ಜಾಸ್ತಿಯಾಯಿತು. ಒಬ್ಬಿಬ್ಬರು ಕ್ಯಾನು ಎತ್ತಿಕೊಂಡು ಮನೆ ಕಡೆ ಹೊರಟರು. ಅವನು ಡಿಸ್ಕ್ ಕೂರಿಸಿ ಸ್ವಿಚ್ ಹಾಕಿದ. ಪರದೆ ಕಪ್ಪಗಿತ್ತು, ಆಮೇಲೆ ನೀಲಿಯಾಯಿತು. ಊರಿನವರ ಹೆಸರು ಒಂದರ ಕೆಳಗೊಂದು ಬಂದವು. ಹೊರಟಿದ್ದವರು ತಿರುಗಿದರು.

"ಏನಾಗಿತ್ತಂತೆ?" ಅಂದಳು ಹಳೆ ಸೆಕ್ರೆಟರಿ.

"ಕರೆಂಟು ಸರ್ಯಾಗಿ ಓಯ್ತಿರ್ನಿಲ್ಲ," ಅಂದ ಅವನು. ಅದು ಪೂರ್ತಿ ಸುಳ್ಳೂ ಅಲ್ಲ.

ಲಾರಿ ಬಂದಾಗ ಇನ್ನೂ ನಾಲ್ಕಾರು ಜನರ ಹಾಲು ಬಾಕಿ ಇತ್ತು. ಡ್ರೈವರ್ ಬೈದುಕೊಂಡೇ ಕಾದ. ಮನೆಗೆ ಬರುವಾಗ ದಾರಿಯಲ್ಲಿ ಸೊಸೆ ಮೆಲ್ಲಗೆ, "ಅತ್ತೆ, ಸುಕ್ರವಾರ ಅಲ್ವಾ, ಅದ್ಕೆ..." ಅಂದಳು.

"ನಿನ್ ಗಂಡಂಗೂ ಮದ್ವೇಲಿ ಅರಿಸ್ನ ಅಚ್ಚುದ್ರು ಕಣೆ. ಬಾಯ್ಗೆ ಮೆತ್ತಿದ್ರಾ?"

ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳೋ ಅತ್ತಳೋ, ನಾನು ತಿರುಗಿ ನೋಡಲಿಲ್ಲ.

ಮಾರನೆ ಬೆಳಿಗ್ಗೆ ಹಸು ಕರೆದು, ಎಲ್ಲರಂತೆ ಸಾಲಿನಲ್ಲಿ ನಿಂತೆ. ಹಳೆ ಸೆಕ್ರೆಟರಿ ನನ್ನ ಹಿಂದೆಯೇ ಇದ್ದಳು. ಸೊಸೆ ನನ್ನ ಹಾಲು ಮೆಷಿನಿಗೆ ಹಾಕಿ, ಫ್ಯಾಟು ಕಡಿಮೆ ಬಂತು ಅತ್ತೆ ಅಂದಳು. ಇನ್ನೊಂದು ಸಲ ನೋಡೆ ಅಂದೆ. ನೋಡಲಿಲ್ಲ, ಮುಂದಿನವರು ಬನ್ನಿ ಅಂದಳು. ನಲ್ಲಿಯಲ್ಲಿ ಕ್ಯಾನು ತೊಳೆದುಕೊಂಡು ಮನೆಗೆ ಬಂದು ಹಸುವಿಗೆ ಹುಲ್ಲು ಹಾಕಿದೆ.