ಕಂಪ್ಯೂಟರುಗಳಿಗೆ ನಾನು ಕೊಟ್ಟ ರಜೆ

ನನ್ನ ಅಂಗಡಿ ಇರುವುದು ಅಜ್ಜಂಪುರದಲ್ಲಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತಿಕೊಡುತ್ತೇನೆ. ಓದಿದ್ದು ಏಳನೇ ಕ್ಲಾಸು. ತಂಗಿ ಮಾತ್ರ ಪಟ್ಟು ಬಿಡದೆ ಓದಿ ತರೀಕೆರೆಯ ಒಂದು ಕಾಲೇಜಿನಲ್ಲಿ ಮೇಡಂ ಆದಳು. ಕಡೂರು ಕಡೆಯ ಕೆರೆಗಳ ನೀರು ಎಷ್ಟು ಭೂಮಿಗಿಳಿದು ಬಾವಿಗಳನ್ನು ಸೇರುತ್ತದೆ ಎನ್ನುವುದು ಅವಳ ಪಿಎಚ್‌ಡಿ. ಆ ಲೆಕ್ಕ ಒಂದು ಕಂಪ್ಯೂಟರಿನ ಕೈಯಲ್ಲಿ ಆಗುವಂಥದ್ದಲ್ಲವಂತೆ. ಅದಕ್ಕೇ ಅವಳೂ ಅದೇ ಕಾಲೇಜಿನ ಗಣಿತದ ಮೇಷ್ಟ್ರೂ ಸೇರಿ, ಲ್ಯಾಬಿನ ಮೂಲೆಯಲ್ಲಿ ಬಿದ್ದಿದ್ದ ಹಳೇ ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಜೋಡಿಸಿ, ಅವು ಕೆಲಸ ಹಂಚಿಕೊಳ್ಳುವ ಹಾಗೆ ಮಾಡಲು ಹೊರಟರು. ಅದಕ್ಕೆ ಕ್ಲಸ್ಟರ್ ಅನ್ನುತ್ತಾರೆ. ಇಬ್ಬರಿಗೂ ಅದರ ಗಂಧಗಾಳಿ ಇರಲಿಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡುವುದು, ಏನೋ ಟೈಪು ಮಾಡುವುದು, ಆಮೇಲೆ "ಅಯ್ಯೋ" ಅನ್ನುವುದು. ವೈರಿಂಗಿಗೆ ನನ್ನನ್ನು ಕರೆದರು.

ಮೊದಲ ದಿನ ಎಲ್ಲವನ್ನೂ ಒಟ್ಟಿಗೆ ಆನ್ ಮಾಡಿ ಫ್ಯೂಸು ಹಾರಿಸಿದರು. ಆಮೇಲೆ ಮೇಷ್ಟ್ರು ಪಾಸ್‌ವರ್ಡ್ ಬದಲಾಯಿಸಿ ತಾವೇ ಮರೆತರು. ಕೊನೆಗೊಂದು ಮಧ್ಯಾಹ್ನ ಕಂಪ್ಯೂಟರುಗಳೊಳಗಿನ ಫ್ಯಾನುಗಳೆಲ್ಲ ಗುಂಯ್ ಎಂದವು.

"ಓಡ್ತಾ ಐತೆ ಕಣಣ್ಣಾ! ಲೆಕ್ಕ ಶುರುವಾಯ್ತು!" ಎಂದು ತಂಗಿ ಕುಣಿದಳು. ದೀಪಾವಳಿಯೊಳಗೆ ಅದು ಮುಗಿಯಬೇಕಿತ್ತು. ಮುಗಿಯದಿದ್ದರೆ ಪ್ರಬಂಧ ಒಪ್ಪಿಸುವ ಕೊನೆಯ ಗಡುವು ದಾಟಿ, ಅಷ್ಟು ವರ್ಷದ ಓದು ನೀರುಪಾಲು.

ಆಯುಧಪೂಜೆಗೆ ಅವಳು ಸಿಂಗಟಗೆರೆಗೆ, ಅಮ್ಮನ ಹತ್ತಿರ ಹೋದಳು. ಲ್ಯಾಬಿನ ಕೀಲಿಕೈ ನನಗೆ ಕೊಟ್ಟು, "ಅವಕ್ಕೂ ಪೂಜೆ ಮಾಡ್ಬಿಡಣ್ಣಾ, ಪಾಪ, ದುಡೀತಾವೆ" ಅಂದಳು.

ನಮ್ಮ ಕಸುಬಿನಲ್ಲಿ ಆ ದಿನ ಯಾವ ಯಂತ್ರವೂ ಓಡುವಂತಿಲ್ಲ. ಸ್ಕ್ರೂಡ್ರೈವರ್ ಕೂಡ ಹೂವಿನಡಿ ಮಲಗಿರುತ್ತದೆ. ಓಡುವ ಮೋಟಾರಿಗೆ ಕುಂಕುಮ ಇಡಲು ಹೋಗಿ ನಾನೇ ಹಿಂದೊಮ್ಮೆ ಕೆಲಸ ಕಲಿಸಿದ ಯಜಮಾನರಿಂದ ಬೈಸಿಕೊಂಡವನು. ಹಾಗಾಗಿ ಯುಪಿಎಸ್ ಆರಿಸಿದೆ, ಮೇನ್ ಸ್ವಿಚ್ ಇಳಿಸಿದೆ, ಪ್ರತಿಯೊಂದನ್ನೂ ಒರೆಸಿ ವಿಭೂತಿ ಬಳಿದು ಸೇವಂತಿಗೆ ಮುಡಿಸಿದೆ. ಬಾಗಿಲಲ್ಲಿ ಬೂದುಗುಂಬಳ ಒಡೆದು, "ಇವತ್ತೊಂದಿನ ಆರಾಮಾಗಿರ್ರಪ್ಪಾ" ಅಂದೆ. ಮಾರನೆಯ ದಿನ ಮತ್ತೆ ಆನ್ ಮಾಡಿದೆ. ಫ್ಯಾನು ತಿರುಗಿದವು. ಫ್ಯಾನು ತಿರುಗಿದರೆ ಲೆಕ್ಕವೂ ನಡೆಯುತ್ತದೆಂದು ನನ್ನ ತಿಳಿವಳಿಕೆ.

ಹಬ್ಬ ಮುಗಿಸಿ ಬಂದ ತಂಗಿ ಹೂವು ನೋಡಿ ಖುಷಿಪಟ್ಟಳು. ಪರದೆಯಲ್ಲಿ ನೋಡಿದರೆ ಅಷ್ಟು ದಿನದ ಲೆಕ್ಕವೆಲ್ಲ ಅಳಿಸಿಹೋಗಿತ್ತು. ಲೆಕ್ಕವನ್ನು ನಡುನಡುವೆ ಉಳಿಸಿಕೊಳ್ಳಬೇಕೆಂಬುದು ಅವರಿಬ್ಬರಿಗೂ ತೋಚಿರಲಿಲ್ಲ.

"ಎಲ್ಲಾ ಹೋಯ್ತಲ್ಲೋ! ಏನಾಯ್ತಣ್ಣಾ?"

"ಕರೆಂಟ್ ಹೋಗಿತ್ತು ಕಣೇ," ಅಂದುಬಿಟ್ಟೆ.

"ಯುಪಿಎಸ್ ಇತ್ತಲ್ಲ?"

"ಅದೂ ಕೈಕೊಡ್ತು."

"ನಾನೇ ಏನೋ ತಪ್ ಕನೆಕ್ಷನ್ ಕೊಟ್ಟಿರ್ಬೇಕು ಮೇಡಂ," ಎಂದು ಮೇಷ್ಟ್ರು ಊಟದ ಡಬ್ಬಿ ಮುಚ್ಚಿಟ್ಟರು. ಒಂದು ಕಂಪ್ಯೂಟರ್ ನೋಡಿಕೊಳ್ಳಲು ಬಾರದವಳಿಗೆ ಡಾಕ್ಟರೇಟು ಬೇರೆ ಕೇಡು ಎಂದು ತಂಗಿ ಅತ್ತಳು. ಅತ್ತು ಮುಗಿಸಿ, ಯುಪಿಎಸ್ಸನ್ನು ನನ್ನ ಸ್ಕೂಟರಿನ ಮೇಲಿಟ್ಟಳು. "ನಿನ್ ಬಿಟ್ರೆ ಯಾರಿಗ್ ಕೊಡ್ಲಿ? ರಿಪೇರಿ ಮಾಡ್ಕೊಡಣ್ಣಾ."

ಕೆಡದೇ ಇರುವುದನ್ನು ರಿಪೇರಿ ಮಾಡುವ ಕಷ್ಟ ಯಾರಿಗೂ ಬೇಡ. ಅಜ್ಜಂಪುರಕ್ಕೆ ತಂದೆ, ಬಿಚ್ಚಿದೆ, ಧೂಳು ಊದಿದೆ, ಮುಚ್ಚಿದೆ. ವಾಪಸು ಕೊಡುವಾಗ ತಂಗಿ ಕೇಳಿಯೇ ಕೇಳಿದಳು, ಏನಾಗಿತ್ತು ಅಂತ.

"ಒಂದ್ ವೈರ್ ಲೂಸಾಗಿತ್ತು."

"ನೋಡಿದ್ರಾ ಮೇಷ್ಟ್ರೇ, ನಮ್ಮಣ್ಣ!" ಅಂದಳು. ನಾನು ನೆಲ ನೋಡಿದೆ.

ಹೆದರಿದ್ದ ಇಬ್ಬರೂ ಲೆಕ್ಕವನ್ನು ಆಗಾಗ ಉಳಿಸಿಕೊಳ್ಳುವುದು ಹೇಗೆಂದು ಕಲಿತು, ಮೊದಲಿನಿಂದ ಓಡಿಸಿದರು. ದೀಪಾವಳಿಗೆ ಊರೆಲ್ಲ ಪಟಾಕಿ ಕೊಳ್ಳುವ ಹೊತ್ತಿಗೆ ಲೆಕ್ಕ ಮುಗಿಯಿತು. ಪ್ರಬಂಧ ಒಪ್ಪಿಸಿದಳು.

ಒಂದು ಪ್ರತಿ ಹಿಡಿದು ಅಂಗಡಿಗೆ ಬಂದಳು. ಎಲ್ಲಾ ಇಂಗ್ಲಿಷು. ಮೊದಲ ಪುಟ ತೆಗೆದು ಕನ್ನಡದಲ್ಲಿ ಹೇಳಿದಳು: ಕೆಟ್ಟ ಯುಪಿಎಸ್ ಸರಿಮಾಡಿ ಈ ಕೆಲಸ ಉಳಿಸಿಕೊಟ್ಟ ಅಣ್ಣನಿಗೆ ಕೃತಜ್ಞತೆ. ನಾನು ತಂತಿ ಸುತ್ತುತ್ತಿದ್ದೆ. ಸುತ್ತಿನ ಎಣಿಕೆ ತಪ್ಪಿತು. ತಂತಿ ಕೆಳಗಿಟ್ಟು ಎಲ್ಲ ಹೇಳಿದೆ.

"ರಜೆ ಕೊಟ್ಯಾ? ನನ್ ಪಿಎಚ್‌ಡಿಗೆ ರಜೆ ಕೊಟ್ಯೇನೋ? ಮೇಷ್ಟ್ರು ಊಟ ಬಿಟ್ರಲ್ಲೋ ಪಾಪಿ!" ಎಂದು ಆ ಪ್ರಬಂಧದಲ್ಲೇ ಬೆನ್ನಿಗೆ ಬಾರಿಸಿದಳು. ಒಳ್ಳೇ ದಪ್ಪ ಪುಸ್ತಕ.

"ಆ ಸಾಲ್ ತೆಗ್ಸಿಬಿಡೇ."

"ಎಲ್ ತೆಗ್ಸೋದು? ಬೈಂಡಾಗಿ ಯೂನಿವರ್ಸಿಟಿ ಸೇರೈತೆ. ಇರ್ಲಿ. ಕಂಡಾಗೆಲ್ಲ ನಿನ್ಗೆ ಚುಚ್ಲಿ."

ಪ್ರತಿಯನ್ನು ಅಂಗಡಿಯ ದೇವರ ಪಟದ ಪಕ್ಕದಲ್ಲೇ ಇಟ್ಟುಹೋದಳು. ಚುಚ್ಚುತ್ತದೆ. ಈ ಸಲದ ಆಯುಧಪೂಜೆಗೆ ಲ್ಯಾಬಿನ ಕೀಲಿಕೈ ಮೇಷ್ಟ್ರ ಬಳಿ ಇತ್ತು. ಹೂವು ತಂದು ಬಾಗಿಲ ಹೊರಗೆ ನಿಂತು ಕೊಡುವುದಷ್ಟೇ ನನ್ನ ಕೆಲಸ.