ನಾಲ್ಕನೇ ಕ್ಯಾಸೆಟ್ಟಿನ ಹಳೇ ಹುಡುಗ

ನಮ್ಮ ದೊಡ್ಡಮ್ಮನ ಎಡಗಿವಿಯಲ್ಲಿ ಕೆಂಪುಹರಳಿನ ಓಲೆ ಇರುತ್ತಿತ್ತು, ಬಲಗಿವಿ ಬೋಳು. ಅಟ್ಟದಲ್ಲಿ ಒಣಗಿದ ತೆಂಗಿನಕಾಯಿಯನ್ನು ಆ ಕಿವಿಗೊತ್ತಿ ಅಲ್ಲಾಡಿಸುವಾಗ ನಾರು ಓಲೆಗೆ ಸಿಕ್ಕಿಕೊಳ್ಳುತ್ತದೆಂದು ಬಿಚ್ಚಿಟ್ಟಿದ್ದಳು. ಕೆನ್ನೆಯ ಮೇಲೆ ಸದಾ ನಾರಿನ ಕಂದು ಧೂಳು. ಮದುವೆಮನೆಯಲ್ಲಿ ಹೆಂಗಸರು ಪಿಸುಗುಟ್ಟಿದರೆ, "ಕಿವಿ ಇರಾದು ಕೇಳಕ್ಕೆ ಕಣೇ, ತೂಗಾಕಕ್ಕಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅರಳಗುಪ್ಪೆಯ ಹತ್ತಿರದ ಊರು ನಮ್ಮದು. ಕಾಯಿ ಹೆಚ್ಚುಕಮ್ಮಿ ಒಂದು ವರ್ಷ ಅಟ್ಟದಲ್ಲಿ ಕೂತು, ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಲೊಡಲೊಡ ಅನ್ನಬೇಕು. ಅದಕ್ಕೆ ಮೊದಲೇ ಒಡೆದರೆ ಕೊಬ್ಬರಿ ಕೆಟ್ಟಿತು. ಯಾವ ಕಾಯಿ ಒಡೆಯಬೇಕು, ಯಾವುದು ಇನ್ನೂ ಇರಬೇಕು ಎಂದು ಹೇಳುವವಳು ದೊಡ್ಡಮ್ಮ. ಅವಳ ಮಾತಿಗೆ ಮನೆಯಲ್ಲಿ ಎದುರಿರಲಿಲ್ಲ.

ಅವಳ ಹೊರಕೋಣೆಯಲ್ಲಿ ಬಾಡಿಗೆಗಿದ್ದ ಬ್ಯಾಂಕಿನ ಗುಮಾಸ್ತನೊಬ್ಬ ವರ್ಗವಾಗಿ ಹೋಗುವಾಗ ಒಂದು ಟೇಪ್‌ರೆಕಾರ್ಡರನ್ನೂ ಏಳು ಕ್ಯಾಸೆಟ್ಟುಗಳನ್ನೂ ಬಿಟ್ಟು, ಆಮೇಲೆ ಬಂದು ಒಯ್ಯುತ್ತೇನೆಂದಿದ್ದ. ಏಳೂ ಒಂದೇ ಇಂಗ್ಲಿಷ್ ಹೆವಿ ರಾಕ್ ತಂಡದವು. ದೊಡ್ಡಮ್ಮನಿಗೆ ಹೊಸ ಚಿಂತೆ ಹತ್ತಿತು. "ಓಡಿಸ್ದೆ ಮಡಗಿದ್ರೆ ಬೂಸ್ಲು ಹಿಡಿತದೆ. ಪಾಪ, ಬಂದು ಕೇಳುದ್ರೆ ಏನ್ ಕೊಡಾನ?" ಸರಿ, ಸೋಮವಾರ ಮೊದಲನೆಯದು, ಭಾನುವಾರ ಏಳನೆಯದು ಎಂದು ದಿನಕ್ಕೊಂದು ಓಡಿಸಲು ಶುರುಮಾಡಿದಳು. ಪುಣ್ಯಾತ್ಮ ಬರಲೇ ಇಲ್ಲ. ದೊಡ್ಡಮ್ಮ ನಿಲ್ಲಿಸಲೂ ಇಲ್ಲ.

ಅಬ್ಬಾ, ಆ ಗದ್ದಲವೇ! ಕೊಬ್ಬರಿ ಒಡೆಯಲು ಬರುವ ಹೆಂಗಸರು ಮೊದಮೊದಲು ಕಿವಿ ಮುಚ್ಚಿಕೊಂಡರು, ಆಮೇಲೆ ಅದರ ಬಡಿತಕ್ಕೇ ಕತ್ತಿ ಹಾಕತೊಡಗಿದರು. ಇಂಗ್ಲಿಷಿನ ಒಂದಕ್ಷರ ಬಾರದ ದೊಡ್ಡಮ್ಮ ಆ ತಂಡದ ಚರಿತ್ರೆಯನ್ನೆಲ್ಲ ಕಿವಿಯಿಂದಲೇ ಬಿಡಿಸಿಟ್ಟಿದ್ದಳು. "ಮೂರ್ನೇದ್ರ ತಂಕ ಹಳೇ ಹುಡ್ಗ ಡ್ರಮ್ಮು ಬಡಿಯಾದು. ಅವ್ನು ಚೂರು ಕಾಯ್ತಾನೆ, ಆಮೇಲೆ ಏಟು ಹಾಕ್ತಾನೆ. ನಾಲ್ಕನೇದುಕ್ಕೆ ಬಂದೋನ್ಗೆ ಬಸ್ ತಪ್ಪೋಯ್ತದೆ ಅನ್ನೋ ಅವಸ್ರ ಕಣ್ಲಾ." ಐದನೆಯದನ್ನು ದೊಡ್ಡ ಹಜಾರದಲ್ಲಿ ಮಾಡಿದ್ದಾರೆ ಎನ್ನುತ್ತಿದ್ದಳು, ನಿಜಕ್ಕೂ ಅವರು ಅದನ್ನು ಒಂದು ಹಳೆಯ ಬಂಗಲೆಯಲ್ಲಿ ಧ್ವನಿಮುದ್ರಿಸಿದ್ದರು. ಮುಂದೆ ನಾನು ತಿಪಟೂರಿನಲ್ಲಿ ಮೇಷ್ಟ್ರಾಗಿ, ಆ ತಂಡ ಯಾವ ಹಾಡನ್ನು ಎಲ್ಲಿ, ಯಾರ್ಯಾರು ಸೇರಿ ಮುದ್ರಿಸಿದರು ಎಂದು ಪುಸ್ತಕ ಬರೆಯಹೊರಟೆನಲ್ಲ, ಅದಕ್ಕೆ ಬೇರು ಅವಳ ಕೊಬ್ಬರಿ ಕೊಟ್ಟಿಗೆಯಲ್ಲಿದೆ.

ಹಸ್ತಪ್ರತಿ ಮುಗಿದಾಗ ಹೋಗಿ ಓದಿ ಹೇಳಿದೆ. ನಾಲ್ಕನೇ ಕ್ಯಾಸೆಟ್ಟಿನ ಎಲ್ಲ ಹಾಡಿಗೂ ಹೊಸ ಡ್ರಮ್ಮರನೇ ಬಾರಿಸಿದ್ದು ಎಂದು ಬಂದ ಕೂಡಲೇ ಕಾಯಿ ಅಲ್ಲಾಡಿಸುತ್ತಿದ್ದ ಅವಳ ಕೈ ನಿಂತಿತು.

"ಅಲ್ಲ ಕಣ್ಲಾ. ಎರಡ್ನೇ ಮಗ್ಗುಲಲ್ಲಿ ಮೂರ್ನೇ ಹಾಡು ಹಳೇ ಹುಡ್ಗುಂದು. ಅವನ ಹೆಸ್ರು ಹಾಕು."

ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಹೊಸಬನ ಹೆಸರೊಂದೇ ಅಚ್ಚಾಗಿತ್ತು. ನಾನು ಪಕಪಕ ನಕ್ಕೆ. ಅಲ್ಲೇ ಇದ್ದ ಅತ್ತಿಗೆಗೆ, ಅಂದರೆ ದೊಡ್ಡಮ್ಮನ ಸೊಸೆಗೆ, "ದೊಡ್ಡಮ್ಮಂಗೆ ಕಿವಿ ಮಂದ ಆಯ್ತು ಕಣತ್ಗೆ!" ಎಂದೆ. ತಮಾಷೆಗೆ ಅಂದ ಮಾತು. ನನ್ನ ಬಾಯಿಗೆ ಮಣ್ಣು ಹಾಕ.

ಆ ವಾರ ಒಡೆದ ಕಾಯಿಗಳಲ್ಲಿ ಕೆಲವು ಹಸಿ ಬಂದಿದ್ದವಂತೆ. ಅದು ನನಗೆ ಗೊತ್ತಿರಲಿಲ್ಲ. ಮಾರನೆಯ ದಿನ ಅತ್ತಿಗೆ, "ನೀವು ಸುಮ್ನೆ ಕೂತ್ಕಳಿ ಅತ್ತೆ, ನಾನ್ ನೋಡ್ಕತೀನಿ" ಎಂದು ಕಾಯಿ ನೋಡುವ ಕೆಲಸವನ್ನು ತಾನೇ ತೆಗೆದುಕೊಂಡಳು. ದೊಡ್ಡಮ್ಮ ಎದ್ದು ಜಗಲಿಗೆ ಹೋಗಿ ಕೂತಳು. ಟೇಪ್‌ರೆಕಾರ್ಡರನ್ನೂ ಮತ್ತೆ ಮುಟ್ಟಲಿಲ್ಲ.

ನನ್ನ ಪುಸ್ತಕ ತಪ್ಪಿನ ಸಮೇತ ಅಚ್ಚಾಯಿತು. ಎರಡು ವರ್ಷದ ಮೇಲೆ ಆ ತಂಡದ ಹಾಡುಗಳು ಹೊಸದಾಗಿ ಬಂದವು, ಜೊತೆಗೊಂದು ಕಿರುಪುಸ್ತಿಕೆ. ಅದರಲ್ಲಿ ಅವರ ಹಳೆಯ ಧ್ವನಿಮುದ್ರಣದ ತಂತ್ರಜ್ಞ ಹೇಳಿಕೊಂಡಿದ್ದ: ನಾಲ್ಕನೆಯದಕ್ಕೆ ಒಂದು ಹಾಡು ಕಮ್ಮಿಬಿದ್ದು, ಮೂರನೆಯದರ ಧ್ವನಿಮುದ್ರಣದಲ್ಲಿ ಉಳಿದಿದ್ದ ಹಾಡನ್ನು ಸೇರಿಸಿದ್ದರು, ಜಗಳವಾಡಿ ಬಿಟ್ಟುಹೋದ ಹಳೆಯ ಡ್ರಮ್ಮರನ ಹೆಸರನ್ನು ಹಾಕಿರಲಿಲ್ಲ. ಎರಡನೇ ಬದಿ, ಮೂರನೇ ಹಾಡು.

ಅವತ್ತೇ ಬಸ್ಸು ಹತ್ತಿ ಊರಿಗೆ ಹೋದೆ. ದೊಡ್ಡಮ್ಮನನ್ನು ಕೈಹಿಡಿದು ಕೊಟ್ಟಿಗೆಗೆ ಕರೆತಂದು, ಅತ್ತಿಗೆಯ ಮುಂದೆ, ಕೊಬ್ಬರಿ ಒಡೆಯುವವರೆಲ್ಲರ ಮುಂದೆ ಗಟ್ಟಿಯಾಗಿ ಹೇಳಿದೆ: "ಅವಳ ಕಿವಿ ಸರಿಯಾಗೇ ಇತ್ತು. ತಪ್ಪು ನಂದು." ಅತ್ತಿಗೆ ಪೆಚ್ಚಾಗಿ, ಗುಡ್ಡೆಯಿಂದ ಒಂದು ಕಾಯಿ ತೆಗೆದು ಅವಳ ಕೈಗಿಟ್ಟಳು.

ದೊಡ್ಡಮ್ಮ ಕಿವಿಗೊತ್ತಿ ಅಲ್ಲಾಡಿಸಿದಳು. ಇನ್ನೊಂದು ಸಲ ಅಲ್ಲಾಡಿಸಿದಳು. ನಮಗೆಲ್ಲ ಲೊಡಲೊಡ ಕೇಳುತ್ತಿತ್ತು. ಅವಳು ಕಾಯಿಯನ್ನು ಮೆಲ್ಲಗೆ ಅತ್ತಿಗೆಗೆ ವಾಪಸು ಕೊಟ್ಟಳು.

"ಆಗ ಚೆಂದಾಗೇ ಕೇಳುಸ್ತಿತ್ತು ಕಣ್ಲಾ. ಈಗ ಇಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಆ ಹುಡ್ಗನ ಹೆಸ್ರು ಹಾಕುದ್ರಾ?" ಎಂದಳು.

ನಾನು ಅವಳ ಕಿವಿಗೆ ಬಾಯಿಟ್ಟು, "ಹಾಕಿದ್ರು ದೊಡ್ಡಮ್ಮ" ಎಂದು ಕೂಗಿದೆ.

"ಹಂಗಾದ್ರೆ ಸರಿ ಬುಡು" ಎಂದು ನನ್ನ ಬೆನ್ನು ಸವರಿದಳು. ನನಗೆ ಅಳು ತಡೆಯಲಾಗಲಿಲ್ಲ.

ಎರಡನೇ ಮುದ್ರಣದಲ್ಲಿ ತಪ್ಪು ತಿದ್ದಿ, ಅದನ್ನು ಮೊದಲು ಕಂಡುಹಿಡಿದವಳು ನಮ್ಮ ದೊಡ್ಡಮ್ಮ ಎಂದು ಬರೆದೆ. ಪುಸ್ತಕ ಬರುವ ಹೊತ್ತಿಗೆ ಅವಳು ತೀರಿಕೊಂಡು ಮೂರು ತಿಂಗಳಾಗಿತ್ತು. ಪ್ರತಿಯನ್ನು ಅತ್ತಿಗೆಗೆ ಕೊಟ್ಟೆ. ಅವಳು ಆ ಪುಟವನ್ನು ನಿಂತಲ್ಲೇ ಓದಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅವತ್ತು ನೀವು ನಗ್ದೆ ಇದ್ದಿದ್ರೆ, ನಾನು ಅತ್ತೆ ಕೈಯಿಂದ ಕಾಯಿ ಇಸ್ಕತಿರ್ಲಿಲ್ಲ ಕಣ್ರೀ" ಎಂದಳು.